ಪೂಂಗ್ಲಿ ಸೇತುವೆಗೆ ಬಂದ ಬೆಳಗಾವಿಯ ಎರಡು ಪಲ್ಟನ್‌ಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಮಿಲಿಟರಿ ಭರ್ತಿ ಅಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಪದಾತಿದಳದ ಯುವ ಅಧಿಕಾರಿಗಳನ್ನು ಕಮಾಂಡೊ ತರಬೇತಿಯಲ್ಲಿ ಅರೆದು ಹದಮಾಡುವ ಶಾಲೆಯೂ ಅದೇ ಊರಿನಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ 1969ರಲ್ಲಿ ಶುರುವಾದ ರಾಣಿ ಚನ್ನಮ್ಮ ಸೈನಿಕ ವಸತಿ ಶಾಲೆಯಿದೆ. ಇಂಥ ಸೀಮೆಯಲ್ಲಿ ಬೆಳಗಿನ ಜಾವ ಎದ್ದು ರಸ್ತೆಯ ಮೇಲೆ ಓಡುವ ಹುಡುಗರ ಕಣ್ಣಿಗೆ ಪ್ಯಾರಾ ಪಡೆಯ ಮೆರೂನ್ ಟೋಪಿ ಬೇರೆಲ್ಲ ಟೋಪಿಗಳಿಗಿಂತ ಎತ್ತರದಲ್ಲಿ ಕಾಣುವುದು ಸಹಜ. ವಿಮಾನದ ಬಾಗಿಲಲ್ಲಿ ನಿಂತು ಬಯಲಿಗೆ ಧುಮುಕುವ ಧೈರ್ಯಕ್ಕೆ ಯಾರು ಮಾರುಹೋಗುವುದಿಲ್ಲ? ಆದರೆ ಸೇನೆಯೊಳಗೆ ಈ ಯೋಧರ ಪಾತ್ರವೇನು ಎಂದು ಕೇಳಿದರೆ ಆ ಧುಮುಕುವ ಚಿತ್ರ ಉತ್ತರ ಕೊಡುವುದಿಲ್ಲ. ಪ್ಯಾರಾಚೂಟು ಅವರನ್ನು ಕೆಲಸದ ಜಾಗಕ್ಕೆ ಮುಟ್ಟಿಸುವ ಸಾಧನ, ಅಷ್ಟೆ. ಅವರ ಕೆಲಸ ಕಾಲು ನೆಲಕ್ಕೆ ತಾಗಿದ ಮೇಲೆ ಶುರುವಾಗುತ್ತದೆ. ಆ ಕೆಲಸ ಗೆಲ್ಲುವುದೋ ಸೋಲುವುದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಎರಡು ಸಂಗತಿಗಳು: ಇಳಿದ ನೆಲದಲ್ಲಿ ಅವರಿಗೆ ಯಾರು ಆಸರೆಯಾದರು, ಮತ್ತು ಅವರನ್ನು ಕೂಡಿಕೊಳ್ಳಲು ನಡೆದು ಬರುವ ಸೈನ್ಯ ಎಷ್ಟು ಬೇಗ ಬಂತು. ಈ ಮಾತಿಗೆ ನಮ್ಮ ದೇಶದ ಅತಿ ದೊಡ್ಡ ಸಾಕ್ಷಿ ಬೆಳಗಾವಿಯ ನಂಟಿನದೇ ಎಂಬುದು ಈ ಭಾಗದ ಜನಕ್ಕೆ ತಿಳಿದಿರಬೇಕಾದ ವಿಷಯ.

ಆ ಸಾಕ್ಷಿ ಇರುವುದು ಇಂದಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ. 1971ರ ಡಿಸೆಂಬರ್ ಎರಡನೆಯ ವಾರ ಪಾಕಿಸ್ತಾನದ 93ನೇ ಬ್ರಿಗೇಡ್ ಜಮಾಲ್‌ಪುರ, ಮೈಮನ್‌ಸಿಂಗ್ ಕಡೆಯ ಠಾಣ್ಯಗಳನ್ನು ಬಿಟ್ಟು ಢಾಕಾ ಸೇರಲು ಹಿಂದೆ ಸರಿಯುತ್ತಿತ್ತು. ಅದು ಢಾಕಾ ಮುಟ್ಟಿದರೆ ರಾಜಧಾನಿಯ ರಕ್ಷಣೆ ಗಟ್ಟಿಯಾಗುತ್ತದೆ, ಯುದ್ಧ ಎಳೆಯುತ್ತದೆ. ದಾರಿಯಲ್ಲಿ ಟಾಂಗೈಲ್ ಬಳಿ ಲೋಹಜಂಗ್ ನದಿಗೆ ಪೂಂಗ್ಲಿ ಎಂಬಲ್ಲಿ ಒಂದು ಸೇತುವೆ. ಅದನ್ನು ಹಿಡಿದರೆ ದಾರಿ ಕಟ್ಟಿದ ಹಾಗೆ. ಡಿಸೆಂಬರ್ 11ರ ಸಂಜೆ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ನೇತೃತ್ವದ 2 ಪ್ಯಾರಾ ಬೆಟಾಲಿಯನ್ನಿನ ಸುಮಾರು 700 ಜನ ಅಲ್ಲಿ ಇಳಿದರು. ಪ್ಯಾಕೆಟ್, ಡಕೋಟಾ, ಆಂಟನೋವ್, ಕ್ಯಾರಿಬೂ, ಹೀಗೆ ಕೈಗೆ ಸಿಕ್ಕ ಬಗೆಬಗೆಯ ಸಾಗಣೆ ವಿಮಾನಗಳು ಅವರನ್ನು ಹೊತ್ತು ತಂದಿದ್ದವು. ರಾತ್ರಿಯಾಗುವಷ್ಟರಲ್ಲಿ ಸೇತುವೆ ಅವರ ಕೈವಶವಾಯಿತು. ಉತ್ತರದಿಂದ ಬರುತ್ತಿದ್ದ ಪಾಕಿಸ್ತಾನಿ ತುಕಡಿಗಳು ಕತ್ತಲಲ್ಲಿ ಮೇಲಿಂದ ಮೇಲೆ ಮುಗಿಬಿದ್ದು ದಾರಿ ಬಿಡಿಸಿಕೊಳ್ಳಲು ನೋಡಿದವು, ಭಾರಿ ನಷ್ಟ ಅನುಭವಿಸಿದವು. ಮುಂದೆ ಆ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಖಾದಿರ್ ಖಾನ್ ಸೆರೆ ಸಿಕ್ಕರು. ಪನ್ನು ಅವರಿಗೆ ಮಹಾವೀರ ಚಕ್ರ ಬಂತು. ಡಿಸೆಂಬರ್ 16ರಂದು ಢಾಕಾ ಪ್ರವೇಶಿಸಿದ ಮೊದಲ ಭಾರತೀಯ ತುಕಡಿಗಳಲ್ಲಿ ಇದೇ ಬೆಟಾಲಿಯನ್ ಇತ್ತು.

ಇಷ್ಟನ್ನು ನಮ್ಮ ಪತ್ರಿಕೆಗಳು ಪ್ರತಿ ಡಿಸೆಂಬರ್‌ನಲ್ಲಿ ನೆನೆಯುತ್ತವೆ. ನೆನೆಯದೆ ಬಿಡುವ ಸಂಗತಿ ಬೇರೆ ಇದೆ. 2 ಪ್ಯಾರಾ ಎಂಬ ಈ ಪಲ್ಟನ್ ಮೂಲತಃ ಮರಾಠಾ ರೆಜಿಮೆಂಟಿನ ಮೂರನೇ ಬೆಟಾಲಿಯನ್. ಇಟಲಿಯ ರಣರಂಗದಲ್ಲಿ 1944ರ ಜುಲೈನಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡ್ಗೆ ಇದೇ ಬೆಟಾಲಿಯನ್ನಿನವರು. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ಕಟ್ಟಿದಾಗ ಪಂಜಾಬ್, ಮರಾಠಾ, ಕುಮಾಊಂ ರೆಜಿಮೆಂಟುಗಳಿಂದ ಒಂದೊಂದು ಬೆಟಾಲಿಯನ್ ತೆಗೆದುಕೊಂಡರು. ಮರಾಠಾದಿಂದ ಹೋದದ್ದು 2 ಪ್ಯಾರಾ ಆಯಿತು. ಇನ್ನು, ಡಿಸೆಂಬರ್ 12ರ ಸಂಜೆ, ಅಂದರೆ ಜಿಗಿದ ಮರುದಿನವೇ, ಉತ್ತರದಿಂದ ನೆಲದ ಮೇಲೆ ಹೋರಾಡುತ್ತ ಬಂದು ಪೂಂಗ್ಲಿ ಸೇತುವೆಯ ಮೇಲೆ ಅವರನ್ನು ಕೂಡಿಕೊಂಡವರು ಯಾರು? 95ನೇ ಪರ್ವತ ಬ್ರಿಗೇಡಿನ 1 ಮರಾಠಾ, ಜಂಗಿ ಪಲ್ಟನ್ ಎಂದು ಹೆಸರಾದ ಬೆಟಾಲಿಯನ್. ಹಿಂದಿನ ದಿನಗಳಲ್ಲಷ್ಟೇ ಜಮಾಲ್‌ಪುರದಲ್ಲಿ ಕಾದಾಡಿ ಬಂದಿದ್ದ ಪಲ್ಟನ್ ಅದು. ಆಕಾಶದಿಂದ ಇಳಿದವರೂ ಬೆಳಗಾವಿಯ ಕೇಂದ್ರದ ಬಳಗದವರೇ, ನಡೆದು ಬಂದವರೂ ಅದೇ ಬಳಗದವರೇ. ಈ ಎರಡನೆಯವರು ಒಂದು ದಿನದಲ್ಲಿ ಬಾರದೆ ಒಂದು ವಾರ ತಡಮಾಡಿದ್ದರೆ ಮೊದಲನೆಯವರ ಕಥೆಯನ್ನು ನಾವು ಬೇರೆ ರೀತಿಯಲ್ಲಿ ಓದುತ್ತಿದ್ದೆವು.

ಟಾಂಗೈಲ್‌ನಲ್ಲಿ ಇನ್ನೊಂದು ಆಸರೆಯೂ ಇತ್ತು. ಆ ಪ್ರದೇಶ ಖಾದರ್ ಸಿದ್ದಿಕಿ ಎಂಬ ಮುಕ್ತಿ ಹೋರಾಟಗಾರನ ಹಿಡಿತದಲ್ಲಿತ್ತು. 50ನೇ ಪ್ಯಾರಾಚೂಟ್ ಬ್ರಿಗೇಡಿನ ಕ್ಯಾಪ್ಟನ್ ಪಿ.ಕೆ. ಘೋಷ್ ಮೊದಲೇ ಒಳನುಸುಳಿ, ಸಿದ್ದಿಕಿಯ ಜನರನ್ನು ಕೂಡಿಕೊಂಡು, ಎಲ್ಲಿ ಇಳಿಯಬಹುದು ಎಂದು ನೆಲ ನೋಡಿಟ್ಟಿದ್ದರು. ಸೈನಿಕರು ಇಳಿದಾಗ ಕೆಲವರು ಗುರಿ ತಪ್ಪಿ ದೂರ ಬಿದ್ದರು. ಕೆರೆ, ಗದ್ದೆಗಳಿಗೆ ಬಿದ್ದ ಸಾಮಾನನ್ನು ಹುಡುಕಿ ಹೊತ್ತು ತಂದವರು ಸುತ್ತಲಿನ ಹಳ್ಳಿಗರು. ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿಗಳನ್ನು ಸಿದ್ದಿಕಿಯ ಪಡೆ ಇನ್ನಷ್ಟು ಅಡ್ಡಗಟ್ಟಬಹುದಿತ್ತು ಎಂಬ ಟೀಕೆಯೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಇಳಿಯುವ ನೆಲ ಹಗೆಯ ಕೈಯಲ್ಲಿ ಇರಲಿಲ್ಲ, ಇಳಿದವನಿಗೆ ದಾರಿ ತೋರುವ ಬೆರಳುಗಳಿದ್ದವು. ಸೈನ್ಯದ ಲೆಕ್ಕದಲ್ಲಿ ಅದರ ಬೆಲೆ ಒಂದು ಹೆಚ್ಚುವರಿ ಬೆಟಾಲಿಯನ್ನಿಗೆ ಸಮ. ಅದಕ್ಕೂ ಮೊದಲು ಪೂರ್ವದ ಆಕಾಶವನ್ನು ಭಾರತೀಯ ವಾಯುಪಡೆ ಪೂರ್ತಿ ತನ್ನದಾಗಿಸಿಕೊಂಡಿತ್ತು; ನಿಧಾನವಾಗಿ ಹಾರುವ ಸಾಗಣೆ ವಿಮಾನಗಳನ್ನು ಹೊಡೆದುರುಳಿಸಲು ಅಲ್ಲಿ ಹಗೆಯ ವಿಮಾನವೇ ಉಳಿದಿರಲಿಲ್ಲ.

ಇಳಿಯುವ ನೆಲ ಅಷ್ಟೇಕೆ ಮುಖ್ಯ ಎಂಬುದನ್ನು ನಮ್ಮದೇ ಸೀಮೆಯ ನೆಲದ ಮೇಲಿಟ್ಟು ನೋಡಬಹುದು. ಸೈನಿಕರನ್ನು ಇಳಿಸುವಾಗ ವಿಮಾನ ಗಂಟೆಗೆ ಇನ್ನೂರು ಕಿ.ಮೀ.ಗೆ ಸ್ವಲ್ಪ ಮೇಲಿನ ವೇಗದಲ್ಲಿ ಹಾರುತ್ತಿರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 60 ಮೀಟರ್. ಒಂದು ಬಾಗಿಲಿನಿಂದ ಸೆಕೆಂಡಿಗೊಬ್ಬರಂತೆ ಮೂವತ್ತು ಜನ ಜಿಗಿದರೆ ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಎರಡು ಕಿ.ಮೀ.ಗೆ ಹತ್ತಿರದ ಅಂತರ ಬೀಳುತ್ತದೆ. ಸಾವಿರ ಅಡಿ ಎತ್ತರದಿಂದ ಜಿಗಿದವನು ನೆಲ ಮುಟ್ಟಲು ಸುಮಾರು ಒಂದು ನಿಮಿಷ. ಆ ನಿಮಿಷದಲ್ಲಿ ಗಾಳಿ ಅವನನ್ನು ಎತ್ತಲೋ ತಳ್ಳಿರುತ್ತದೆ. ಈಗ ಬೈಲಹೊಂಗಲದ ಎರೆಭೂಮಿಯನ್ನು ನೆನೆಯಿರಿ. ಹಿಂಗಾರಿ ಜೋಳ, ಕಡಲೆ ಕೊಯ್ದ ಮೇಲೆ ಮೈಲುಗಟ್ಟಲೆ ಮರವಿಲ್ಲದ ಬಯಲು, ಇಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಅನ್ನಿಸುತ್ತದೆ. ಅದೇ ಹೊಲ ಬೇಸಿಗೆ ಏರಿದಂತೆ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ಭಾರ ಹೊತ್ತು ಇಳಿದವನ ಕಾಲು ಉಳುಕಲು ಅಷ್ಟು ಸಾಕು. ಮಳೆಗಾಲದಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಅಂಟಿ ಓಡುವವನಿಗೆ ನಡೆಯಲೂ ಆಗದ ಸ್ಥಿತಿ. ಸವದತ್ತಿ ಕಡೆಗೆ ಬಂದರೆ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು, ಯಲ್ಲಮ್ಮನ ಗುಡ್ಡದ ಬಂಡೆ, ಗಾಳಿ ವಿದ್ಯುತ್ತಿನ ಕಂಬಗಳು, ಹೈಟೆನ್ಶನ್ ತಂತಿಗಳು. ಗಾಳಿಯಂತ್ರ ನೆಡಲು ಹೇಳಿಮಾಡಿಸಿದ ಜಾಗ ಪ್ಯಾರಾಚೂಟಿಗೆ ಹೇಳಿಮಾಡಿಸಿದ್ದಲ್ಲ. ಗಾಳಿಯ ವೇಗ ಗಂಟೆಗೆ ಇಪ್ಪತ್ತೈದು ಕಿ.ಮೀ. ಆಸುಪಾಸು ಮುಟ್ಟಿದರೆ ಸಾಮಾನ್ಯ ತರಬೇತಿಯ ಜಿಗಿತವನ್ನೇ ನಿಲ್ಲಿಸುತ್ತಾರೆ. ಕಿತ್ತೂರಿನಿಂದ ಪಶ್ಚಿಮಕ್ಕೆ ಕಾಡು ಶುರುವಾಗುತ್ತದೆ, ರಾಮದುರ್ಗದಲ್ಲಿ ಕಲ್ಲುಗುಡ್ಡಗಳ ಸಾಲು. ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇಷ್ಟು ಬಗೆ. ಪರದೇಶದ ನೆಲದಲ್ಲಿ, ಕತ್ತಲಲ್ಲಿ, ನಕ್ಷೆಯೊಂದನ್ನೇ ನಂಬಿ ಜಿಗಿಯುವವರಿಗೆ ಆ ನೆಲವನ್ನು ಬಲ್ಲ ಒಬ್ಬ ರೈತನ ಮಾತು ಎಷ್ಟು ದೊಡ್ಡದು ಎಂಬುದನ್ನು ಇದರಿಂದ ಊಹಿಸಬಹುದು.

ಇಳಿದವನ ಬಳಿ ಇರುವುದೂ ಅಷ್ಟರಲ್ಲೇ. ಬಂದೂಕು, ಮದ್ದುಗುಂಡು, ಹಗುರ ಮಾರ್ಟರ್, ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿ, ಎರಡು ಮೂರು ದಿನದ ಊಟ. ಟ್ಯಾಂಕಿಲ್ಲ, ಭಾರಿ ತೋಪಿಲ್ಲ, ಗಾಯಾಳುಗಳನ್ನು ಸಾಗಿಸಲು ಗಾಡಿಯಿಲ್ಲ. ಹೊತ್ತು ತಂದದ್ದು ಮುಗಿಯುವುದರೊಳಗೆ ಯಾರಾದರೂ ಬಂದು ಕೂಡಿಕೊಳ್ಳಲೇಬೇಕು. ಕಿತ್ತೂರಿನ ಇತಿಹಾಸ ಓದಿದವರಿಗೆ ಈ ಸಂಕಟ ಅಪರಿಚಿತವಲ್ಲ. ಸಂಗೊಳ್ಳಿ ರಾಯಣ್ಣ 1829–30ರಲ್ಲಿ ಕಂಪನಿ ಸರ್ಕಾರದ ಬೆನ್ನ ಹಿಂದಿನಿಂದ ಬೀಡಿ, ಸಂಪಗಾಂವ, ಖಾನಾಪುರಗಳ ಕಚೇರಿ ಖಜಾನೆಗಳ ಮೇಲೆ ಎರಗಿದ ರೀತಿ ಇಂದಿನ ವಿಶೇಷ ಪಡೆಗಳ ದಾಳಿಗೆ ತುಂಬ ಹತ್ತಿರದ್ದು: ಸಣ್ಣ ಗುಂಪು, ಹಗೆ ನಿರೀಕ್ಷಿಸದ ಜಾಗ, ಹೊಡೆದು ಮಾಯವಾಗುವ ವೇಗ, ಜನರೇ ಕೊಡುವ ಅನ್ನ ಮತ್ತು ಸುದ್ದಿ. ಧೈರ್ಯದಲ್ಲಿ, ನೆಲದ ತಿಳಿವಳಿಕೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ಆದರೆ ಅವನನ್ನು ಬಂದು ಕೂಡಿಕೊಳ್ಳುವ ದೊಡ್ಡ ಸೈನ್ಯ ಎಲ್ಲಿಯೂ ಉಳಿದಿರಲಿಲ್ಲ. ಕಿತ್ತೂರಿನ ಕೋಟೆ 1824ರ ಡಿಸೆಂಬರಿನಲ್ಲೇ ಬಿದ್ದಿತ್ತು, ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಿದ್ದಳು. ಕೊನೆಗೆ ನೆಲದ ಆಸರೆಯೂ ನಂಬಿಕೆದ್ರೋಹದಿಂದ ಕುಸಿಯಿತು, 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಶತ್ರುವಿನ ನಡುವೆ ಇಳಿದ ಯಾವ ಸಣ್ಣ ಪಡೆಗೂ ಈ ಎರಡು ಆಸರೆಗಳಲ್ಲಿ ಒಂದಾದರೂ ಬೇಕು ಎಂಬುದನ್ನು ರಾಯಣ್ಣನ ಹೋರಾಟ ನೋವಿನಿಂದ ತೋರಿಸುತ್ತದೆ.

ಹೊರಗಿನ ಉದಾಹರಣೆಗಳೂ ಇದನ್ನೇ ಹೇಳುತ್ತವೆ. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಸೇತುವೆ ಹಿಡಿಯಲು ಬ್ರಿಟಿಷರು ಸುಮಾರು ಹತ್ತು ಸಾವಿರ ಜನರನ್ನು ಆಕಾಶದಿಂದ ಇಳಿಸಿದರು. ಎರಡು ಮೂರು ದಿನದಲ್ಲಿ ಬರಬೇಕಿದ್ದ ನೆಲದ ಸೈನ್ಯ ಒಂದೇ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡು ಕೊನೆಗೂ ಸೇತುವೆ ಮುಟ್ಟಲಿಲ್ಲ. ಒಂಬತ್ತು ದಿನ ಕಾದಾಡಿದವರಲ್ಲಿ ನದಿ ದಾಟಿ ಹಿಂತಿರುಗಿದವರು ಎರಡೂವರೆ ಸಾವಿರಕ್ಕಿಂತ ಕಡಿಮೆ. ನಮ್ಮದೇ ಗಾಯ ಇನ್ನೂ ಹಸಿಯಾಗಿದೆ: 1987ರ ಅಕ್ಟೋಬರ್ 11ರ ರಾತ್ರಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ 10 ಪ್ಯಾರಾ ಕಮಾಂಡೊಗಳನ್ನೂ 13 ಸಿಖ್ ಲಘು ಪದಾತಿದಳದ ಒಂದು ಪ್ಲಟೂನನ್ನೂ ಹೆಲಿಕಾಪ್ಟರಿನಲ್ಲಿ ಇಳಿಸಿದರು. ಅಲ್ಲಿನ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇಗೆ ಸುಳಿವು ಮೊದಲೇ ಸಿಕ್ಕಿತ್ತು. ಹೆಲಿಕಾಪ್ಟರುಗಳಿಗೆ ಗುಂಡು ತಗಲಿ ಉಳಿದವರನ್ನು ತರಲಾಗಲಿಲ್ಲ. ಸಿಖ್ ಪ್ಲಟೂನಿನ 30 ಜನರಲ್ಲಿ 29 ಜನ ಸತ್ತರು, ಒಬ್ಬ ಸೆರೆಯಾದ. ಕಮಾಂಡೊಗಳು ಉಳಿದದ್ದು ಟ್ಯಾಂಕುಗಳು ರೈಲು ಹಳಿಯ ದಾರಿ ಹಿಡಿದು ಅವರ ತನಕ ಬಂದದ್ದರಿಂದ. ಅಲ್ಲಿ ಸತ್ತವರ ಧೈರ್ಯ ಟಾಂಗೈಲ್‌ನವರ ಧೈರ್ಯಕ್ಕಿಂತ ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ಸುದ್ದಿ, ನೆಲ, ಕೂಡಿಕೊಳ್ಳುವ ದಾರಿ ಈ ಮೂರೂ ಅವರಿಗೆ ಕೈಕೊಟ್ಟವು. ಅದರ ಹೊಣೆ ಕಳಿಸಿದವರದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ರೇಡಾರು, ಭುಜದ ಮೇಲಿನ ಕ್ಷಿಪಣಿ, ಡ್ರೋನು ಇರುವ ಕಾಲದಲ್ಲಿ ಸಾಗಣೆ ವಿಮಾನ ತುಂಬ ಸೈನಿಕರನ್ನು ಹಗೆಯ ತಲೆಯ ಮೇಲೆ ಒಯ್ಯುವುದು ಆತ್ಮಹತ್ಯೆ, ಹೀಗಾಗಿ ಪ್ಯಾರಾ ಪಡೆಯೇ ಹಳೆಯ ಕಾಲದ ಒಡವೆ ಎನ್ನುವವರಿದ್ದಾರೆ. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪವನ್ನು ಪ್ಯಾರಾಚೂಟ್ ಪಡೆಯಿಂದ ಗೆದ್ದ ಜರ್ಮನ್ನರು ಅಲ್ಲಿ ಕಳೆದುಕೊಂಡ ಜನರ ಸಂಖ್ಯೆ ನೋಡಿ ಮತ್ತೆ ಅಂಥ ದೊಡ್ಡ ಸಾಹಸಕ್ಕೇ ಕೈ ಹಾಕಲಿಲ್ಲ. ತೀರ ಈಚಿನದು 2022ರ ಫೆಬ್ರವರಿ 24ರ ಹೊಸ್ಟೊಮೆಲ್. ಕೀವ್ ನಗರದ ಹೊರಗಿನ ಆ ವಿಮಾನ ನಿಲ್ದಾಣವನ್ನು ರಷ್ಯದ ಹೆಸರಾಂತ ವೈಮಾನಿಕ ಪಡೆ ಹೆಲಿಕಾಪ್ಟರಿನಲ್ಲಿ ಬಂದು ಹಿಡಿಯಿತು. ಉಕ್ರೇನಿಗರು ರನ್‌ವೇ ಮೇಲೆ ಗುಂಡಿನ ಮಳೆ ಸುರಿಸಿದ್ದರಿಂದ ಹಿಂದೆ ಬರಬೇಕಿದ್ದ ದೊಡ್ಡ ವಿಮಾನಗಳು ಇಳಿಯಲಿಲ್ಲ. ಬೆಲಾರೂಸ್ ಕಡೆಯಿಂದ ನೆಲದ ಸೈನ್ಯ ಬಂದು ಸೇರುವಷ್ಟರಲ್ಲಿ ರಾಜಧಾನಿಯನ್ನು ಅಚಾನಕ್ಕಾಗಿ ಹಿಡಿಯುವ ಗಳಿಗೆ ಜಾರಿಹೋಗಿತ್ತು. ಮಾರ್ಚ್ ಕೊನೆಯ ಹೊತ್ತಿಗೆ ರಷ್ಯನ್ನರು ಅಲ್ಲಿಂದ ಕಾಲ್ತೆಗೆದರು.

ಆಕ್ಷೇಪದ ಅರ್ಧ ನಿಜ. ಗಟ್ಟಿ ವಾಯುರಕ್ಷಣೆಯಿರುವ ಶತ್ರುವಿನ ಮೇಲೆ ಬ್ರಿಗೇಡುಗಟ್ಟಲೆ ಜನರನ್ನು ಇಳಿಸುವ ಕಾಲ ಮುಗಿದಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಹೊಸ್ಟೊಮೆಲ್‌ನಲ್ಲಿ ಸೋತದ್ದು ಇಳಿಯುವಿಕೆ ಅಲ್ಲ, ನಿಲ್ದಾಣ ಮೊದಲ ದಿನವೇ ಕೈಗೆ ಬಂದಿತ್ತು. ಸೋತದ್ದು ಅದರ ಹಿಂದಿನ ಜೋಡಣೆ. ಹಾಗಾಗಿ ಆ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಜತೆಗೆ, ಎಲ್ಲ ಶತ್ರುಗಳೂ ಎಲ್ಲ ಜಾಗಗಳಲ್ಲೂ ಗಟ್ಟಿ ವಾಯುರಕ್ಷಣೆ ಇಟ್ಟಿರುವುದಿಲ್ಲ. 1988ರ ನವೆಂಬರ್ 3ರಂದು ಮಾಲ್ದೀವ್ಸ್‌ನಲ್ಲಿ ಬಾಡಿಗೆ ಬಂದೂಕಿನವರು ದಂಗೆಯೆದ್ದು ಅಧ್ಯಕ್ಷ ಗಯೂಮ್ ಅಡಗಿ ಕೂತು ನೆರವು ಕೋರಿದಾಗ, ಅದೇ ದಿನ ರಾತ್ರಿ ಆಗ್ರಾದಿಂದ ಹೊರಟ 50ನೇ ಪ್ಯಾರಾಚೂಟ್ ಬ್ರಿಗೇಡಿನ 6 ಪ್ಯಾರಾ ಸೈನಿಕರು ಎರಡು ಸಾವಿರ ಕಿ.ಮೀ.ಗೂ ದೂರದ ಹುಲ್‌ಹುಲೆ ದ್ವೀಪದಲ್ಲಿ ಇಳಿದರು. ಬ್ರಿಗೇಡಿಯರ್ ಫಾರೂಖ್ ಬುಲ್ಸಾರಾ ಮುಂದಾಳತ್ವ. ರನ್‌ವೇ ಶತ್ರುವಿನ ಕೈಗೆ ಹೋಗಿದ್ದರೆ ಜಿಗಿಯಲು ಸಿದ್ಧರಾಗಿಯೇ ಹೋಗಿದ್ದರು. ರನ್‌ವೇ ಖಾಲಿಯಿದ್ದದ್ದರಿಂದ ವಿಮಾನವೇ ಇಳಿಯಿತು, ಯಾರೂ ಪ್ಯಾರಾಚೂಟು ಬಿಚ್ಚಲಿಲ್ಲ. ಹಾಗೆಂದು ಅದು ಪ್ಯಾರಾ ಪಡೆಯ ಕೆಲಸ ಆಗಲಿಲ್ಲವೇ? ಕರೆ ಬಂದ ಕೆಲವೇ ಗಂಟೆಗಳಲ್ಲಿ ಹೊರಡಬಲ್ಲ, ಏನು ಕಾದಿದೆಯೋ ತಿಳಿಯದ ಜಾಗದಲ್ಲಿ ಇಳಿದು ತಾನೇ ತೀರ್ಮಾನ ಮಾಡಬಲ್ಲ ಒಂದು ಪಡೆ ದೇಶದ ಬಳಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಅಂಡಮಾನ್, ಲಕ್ಷದ್ವೀಪಗಳಂಥ ದೂರದ ದ್ವೀಪಗಳಿರುವ, ರಸ್ತೆ ಕಡಿದರೆ ತಿಂಗಳುಗಟ್ಟಲೆ ಮುಟ್ಟಲಾಗದ ಹಿಮಾಲಯದ ಕಣಿವೆಗಳಿರುವ ದೇಶಕ್ಕೆ ಇಂಥ ಪಡೆ ಬೇಡವೆನ್ನುವುದು ಜಾಣತನವಲ್ಲ. ಹೆಲಿಕಾಪ್ಟರ್ ಇದೆಯಲ್ಲ ಎಂದರೆ, ಅದರ ದೂರ ಕೆಲವು ನೂರು ಕಿ.ಮೀ.ಗೆ ಮುಗಿಯುತ್ತದೆ, ಎತ್ತರ ಏರಿದಂತೆ ಅದು ಹೊರುವ ಭಾರ ಇಳಿಯುತ್ತದೆ. ಒಂದೊಂದಕ್ಕೂ ಅದರದೇ ಜಾಗವಿದೆ.

ಎರಡನೆಯ ಆಕ್ಷೇಪ ಇನ್ನೂ ಮೊನಚಾದದ್ದು. ಸ್ವತಂತ್ರ ಭಾರತ ಬೆಟಾಲಿಯನ್ ಮಟ್ಟದಲ್ಲಿ ಯುದ್ಧಕ್ಕೆ ಜಿಗಿದದ್ದು ಟಾಂಗೈಲ್‌ನಲ್ಲಿ ಒಂದೇ ಸಲ. ಉಳಿದಂತೆ ಪ್ಯಾರಾಗಳು ಕಾದಾಡಿದ್ದು ಬಹುಪಾಲು ಕಾಲ್ನಡಿಗೆಯಲ್ಲೇ. 1948ರಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ 50ನೇ ಪ್ಯಾರಾಚೂಟ್ ಬ್ರಿಗೇಡ್ ನೌಶೇರಾ, ಝಂಗರ್‌ಗಳಲ್ಲಿ ನೆಲಕ್ಕೆ ಅಂಟಿ ಹೋರಾಡಿತು. 1965ರ ಆಗಸ್ಟ್ 28ರಂದು ಮೇಜರ್ ರಣಜಿತ್ ಸಿಂಗ್ ದಯಾಳ್ 1 ಪ್ಯಾರಾ ಸೈನಿಕರೊಡನೆ ಮಳೆಯ ರಾತ್ರಿ ಗುಡ್ಡ ಹತ್ತಿ ಹಾಜಿಪೀರ್ ಕಣಿವೆ ಗೆದ್ದರು. 1999ರ ಕಾರ್ಗಿಲ್‌ನಲ್ಲೂ ಹತ್ತಿದ್ದೇ. ಹಾಗಿದ್ದರೆ ಪ್ಯಾರಾಚೂಟು, ವಿಮಾನ, ಆಗ್ರಾದ ತರಬೇತಿ ಶಾಲೆ ಇವುಗಳ ಖರ್ಚು ಏಕೆ? ಅದೇ ಹಣದಲ್ಲಿ ಸಾಮಾನ್ಯ ಪದಾತಿ ಸೈನಿಕನಿಗೆ ಒಳ್ಳೆಯ ಬೂಟು, ಒಳ್ಳೆಯ ರೈಫಲ್ ಕೊಡಬಾರದೇ?

ಇದಕ್ಕೆ ಉತ್ತರ ನಮ್ಮ ಮನೆಬಾಗಿಲಲ್ಲೇ ನಡೆದ ಯುದ್ಧದಲ್ಲಿದೆ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಗೆ ಸೈನ್ಯ ಜಮಾಯಿಸಿದ್ದು ಬೆಳಗಾವಿಯ ಸುತ್ತ. ವಾಯುಪಡೆ ಪುಣೆ ಮತ್ತು ಸಾಂಬ್ರಾಗಳನ್ನು ನೆಲೆ ಮಾಡಿಕೊಂಡಿತ್ತು. ಮುಖ್ಯ ದಾಳಿಯ ಹೊಣೆ 17ನೇ ಡಿವಿಜನ್‌ನದು. ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾಚೂಟ್ ಬ್ರಿಗೇಡಿಗೆ ಕೊಟ್ಟದ್ದು ಉತ್ತರದಿಂದ ನೆರವಾಗುವ ಕೆಲಸ ಮಾತ್ರ, ಅದೂ ನೆಲದ ಮೇಲೆ. ಪೋರ್ಚುಗೀಸರು ಸೇತುವೆಗಳನ್ನು ಉಡಾಯಿಸುತ್ತ ಹಿಂದೆ ಸರಿದರು. ಡಿಸೆಂಬರ್ 18ರ ಬೆಳಿಗ್ಗೆ ಗಡಿ ದಾಟಿದ ಈ ಬ್ರಿಗೇಡಿನ ತುಕಡಿಗಳು ಮೈನು, ತಡೆ, ನದಿ ಯಾವುದಕ್ಕೂ ನಿಲ್ಲದೆ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪಣಜಿ ಮುಟ್ಟಿದವು. ಮರಾಠಾ ಮೂಲದ 2 ಪ್ಯಾರಾ ಸಾಂಕಳಿ, ಉಸಗಾಂವ ದಾರಿಯಲ್ಲಿ ಫೋಂಡಾ ಕಡೆ ನುಗ್ಗಿತು. ಪ್ಯಾರಾಚೂಟ್ ತೊಡದೆಯೂ ಅವರನ್ನು ಹಾಗೆ ಓಡಿಸಿದ್ದು ಪ್ಯಾರಾಚೂಟ್ ಕಲಿಸಿದ ಗುಣ ಎಂದೇ ನನ್ನ ಅಭಿಪ್ರಾಯ. ಪ್ಯಾರಾ ಪಡೆಗೆ ಹೋಗುವವನು ತಾನಾಗಿ ಮುಂದೆ ಬಂದವನು. ಪ್ಯಾರಾ ರೆಕ್ಕೆ ಎದೆಗೇರಿಸಲು ಆಗ್ರಾದಲ್ಲಿ ಐದು ಜಿಗಿತ, ಅದರಲ್ಲಿ ಒಂದು ರಾತ್ರಿಯದು, ಮುಗಿಸಬೇಕು. ವಿಶೇಷ ಪಡೆಗೆ ಸೇರಬೇಕಾದರೆ ತಿಂಗಳುಗಟ್ಟಲೆ ನಡೆಯುವ ಪ್ರೊಬೇಷನ್‌ನಲ್ಲಿ ಬಹುಪಾಲು ಜನ ಹೊರಬೀಳುತ್ತಾರೆ. ಆದರೆ ಆ ಐದು ಜಿಗಿತಗಳ ಪಾಠ ಧೈರ್ಯಕ್ಕಿಂತ ಮುಂದಕ್ಕೆ ಹೋಗುತ್ತದೆ. ಜಿಗಿದವನು ಎರಡು ಕಿ.ಮೀ. ಹರವಿನಲ್ಲಿ ಒಂಟಿಯಾಗಿ ಬೀಳುತ್ತಾನೆ. ಅವನ ಹವಾಲ್ದಾರ್ ಇನ್ನೆಲ್ಲೋ, ಅಧಿಕಾರಿ ಮತ್ತೆಲ್ಲೋ. ಸಿಕ್ಕ ನಾಲ್ವರನ್ನು ಕಟ್ಟಿಕೊಂಡು ಗುರಿಯತ್ತ ಹೊರಡಬೇಕಾದ ಸಿಪಾಯಿಗೆ ತನ್ನ ಕೆಲಸವಷ್ಟೇ ಅಲ್ಲ, ಇಡೀ ಬೆಟಾಲಿಯನ್ನಿನ ಉದ್ದೇಶ ತಿಳಿದಿರಬೇಕು. ಹೀಗೆ ಕೆಳಗಿನ ಸಿಪಾಯಿಯೂ ಕಮಾಂಡರನಂತೆ ಯೋಚಿಸುವುದನ್ನು ಕಲಿಸುವ ಬೇರೆ ತರಬೇತಿ ಸೇನೆಯಲ್ಲಿ ಕಡಿಮೆ. 1996ರಲ್ಲಿ 21 ಮರಾಠಾ ಬೆಟಾಲಿಯನ್ 21 ಪ್ಯಾರಾ ವಿಶೇಷ ಪಡೆಯಾಗಿ ಬದಲಾದಾಗ, ಅದೇ ಪಡೆ 2015ರ ಜೂನ್‌ನಲ್ಲಿ ಮ್ಯಾನ್ಮಾರ್ ಗಡಿಯ ಕಾರ್ಯಾಚರಣೆಗೆ ಹೋದಾಗ, ಕೆಲಸಕ್ಕೆ ಬಂದದ್ದು ಈ ಯೋಚಿಸುವ ಸಿಪಾಯಿಯೇ.

ಇನ್ನೊಂದು ಲಾಭವನ್ನು ರೂಪಾಯಿಯಲ್ಲಿ ಅಳೆಯಲಾಗದು. ಆಕಾಶದಿಂದ ಇಳಿಯಬಲ್ಲ ಪಡೆ ಇದ್ದರೆ ಶತ್ರು ತನ್ನ ಬೆನ್ನನ್ನೂ ಕಾಯಬೇಕಾಗುತ್ತದೆ. ಟಾಂಗೈಲ್‌ನಲ್ಲಿ ಇಳಿದವರು 700 ಜನ. ವಿದೇಶಿ ಸುದ್ದಿಸಂಸ್ಥೆಗಳು ಜಗತ್ತಿಗೆ ಹೇಳಿದ್ದು 5,000 ಎಂದು. ಪತ್ರಿಕೆಗಳಿಗೆ ಸಿಕ್ಕ ಜಿಗಿತದ ಛಾಯಾಚಿತ್ರವೂ ಅಂದಿನದಾಗಿರದೆ ಹಿಂದಿನ ಅಭ್ಯಾಸವೊಂದರದಾಗಿತ್ತು. ಢಾಕಾದಲ್ಲಿ ಕೂತಿದ್ದ ಪಾಕಿಸ್ತಾನಿ ಸೇನಾಧಿಕಾರಿಗಳ ಮನೋಬಲದ ಮೇಲೆ ಆ ಸುದ್ದಿಯಿಂದ ಬಿದ್ದ ಹೊಡೆತ ಸಣ್ಣದಲ್ಲ. ಐದೇ ದಿನದಲ್ಲಿ ಶರಣಾಗತಿಯ ಸಹಿ ಬಿತ್ತು.

ಈ ಪಡೆಯ ಪಾತ್ರ ಕೊಲ್ಲುವುದಕ್ಕೆ ಸೀಮಿತವೂ ಅಲ್ಲ. ಕೊರಿಯಾ ಯುದ್ಧದಲ್ಲಿ 1951ರ ಮಾರ್ಚ್ 23ರಂದು ಅಮೆರಿಕದ ಪ್ಯಾರಾಗಳ ಜತೆ ಮುನ್ಸಾನ್‌ನಲ್ಲಿ ಜಿಗಿದ ಭಾರತೀಯರು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಮತ್ತು ಅವರ ಸಂಗಡಿಗರು. ಅವರ ಕೈಯಲ್ಲಿದ್ದದ್ದು ಶಸ್ತ್ರಚಿಕಿತ್ಸೆಯ ಸಲಕರಣೆ. 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ಅವರ ಘಟಕವೇ ಇಂದಿನ 60 ಪ್ಯಾರಾ ಫೀಲ್ಡ್ ಆಸ್ಪತ್ರೆ. 2023ರ ಫೆಬ್ರವರಿಯಲ್ಲಿ ತುರ್ಕಿ ಭೂಕಂಪದಲ್ಲಿ ಕುಸಿದಾಗ ಅದು ಇಸ್ಕೆಂದೆರುನ್ ಪಟ್ಟಣಕ್ಕೆ ಹಾರಿ, ಕೆಲವೇ ದಿನಗಳಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಕೊಟ್ಟಿತು. ಆ ತಂಡದಲ್ಲಿ ಮಹಿಳಾ ವೈದ್ಯಾಧಿಕಾರಿಯೂ ಇದ್ದರು. ಹೋರಾಡುವ ಪ್ಯಾರಾ ಬೆಟಾಲಿಯನ್‌ಗಳ ಬಾಗಿಲು ಹೆಣ್ಣುಮಕ್ಕಳಿಗೆ ಇನ್ನೂ ತೆರೆದಿಲ್ಲ. ವೈದ್ಯಕೀಯದಂಥ ವಿಭಾಗಗಳ ಮೂಲಕ ಮೆರೂನ್ ಟೋಪಿ ಮುಟ್ಟುವ ದಾರಿ ಇದೆ ಎಂಬುದನ್ನು ಕಿತ್ತೂರಿನ ಸೈನಿಕ ಶಾಲೆಯ ಹುಡುಗಿಯರಿಗೆ ಯಾರಾದರೂ ಒತ್ತಿ ಹೇಳಬೇಕು.

ಹೀಗೆ ನೋಡಿದರೆ ಸರ್ಕಾರ ಮಾಡಬೇಕಾದ್ದು ಸ್ಪಷ್ಟವಾಗುತ್ತದೆ. ವಾಯುಪಡೆಯಲ್ಲಿ ಈಗ ಸಿ-17, ಸಿ-130ಜೆ ವಿಮಾನಗಳಿವೆ. 1971ರ ಕಲಬೆರಕೆ ದಂಡಿಗಿಂತ ಎಷ್ಟೋ ಮೇಲು. ಆದರೆ ಟೋಪಿಗಳ ಸಂಖ್ಯೆ ಹೆಚ್ಚಿಸುವುದೇ ಬಲವಲ್ಲ. ಇಳಿದವರಿಗೆ ಸುದ್ದಿ ಕೊಡುವ ಗುಪ್ತಚರ ಜಾಲ, ಮೇಲೆ ಕಾಯುವ ಯುದ್ಧವಿಮಾನ, ಅವರ ತನಕ ನುಗ್ಗಬಲ್ಲ ಪದಾತಿದಳ ಮತ್ತು ಸೇತುವೆ ಕಟ್ಟುವ ಎಂಜಿನಿಯರುಗಳು ಜತೆಗೂಡಿ ಅಭ್ಯಾಸ ಮಾಡದಿದ್ದರೆ ಇನ್ನೊಂದು ಜಾಫ್ನಾಕ್ಕೆ ನಾವೇ ದಾರಿ ಮಾಡಿದಂತೆ. ಪ್ಯಾರಾ ಪಡೆ ಸಣ್ಣದಾಗಿರಲಿ, ಹೊರಡಲು ಸದಾ ಸಜ್ಜಾಗಿರಲಿ, ಜೋಡಿ ಇಲ್ಲದೆ ಅದನ್ನು ಒಂಟಿಯಾಗಿ ಎಲ್ಲಿಗೂ ಕಳಿಸದಿರಲಿ.

ಬೈಲಹೊಂಗಲದಿಂದ ರಾಮದುರ್ಗದವರೆಗೆ ಭರ್ತಿಗೆ ತಯಾರಿ ನಡೆಸುತ್ತಿರುವ ಹುಡುಗರಿಗೂ ಒಂದು ಮಾತು. 1.6 ಕಿ.ಮೀ. ಓಟ ನಿಮ್ಮನ್ನು ರೆಜಿಮೆಂಟಿನ ಬಾಗಿಲ ತನಕ ಒಯ್ಯುತ್ತದೆ. ಅಲ್ಲಿಂದ ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರದ ತನಕ, ಆಗ್ರಾದ ವಿಮಾನದ ಬಾಗಿಲ ತನಕ ಹೋಗಬೇಕೆಂದರೆ ಓಟದ ಜತೆಗೆ ನಕ್ಷೆ ಓದುವುದನ್ನು, ಪ್ರಥಮ ಚಿಕಿತ್ಸೆಯನ್ನು, ಈಜನ್ನು, ಕನ್ನಡ ಮರಾಠಿಗಳಾಚೆಯ ಇನ್ನೊಂದು ಭಾಷೆಯನ್ನು ಈಗಿನಿಂದಲೇ ಕಲಿಯಿರಿ. ಮೆರೂನ್ ಟೋಪಿ ಸಿಗದೆ ಮರಾಠಾ ಪಲ್ಟನ್ನಿನ ಸಾದಾ ಸಿಪಾಯಿಯಾಗಿ ಉಳಿದರೆ ಅದನ್ನು ಸೋಲೆಂದು ಎಣಿಸಬೇಡಿ. ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ಇಳಿದವರನ್ನು ಉಳಿಸಿದ್ದು ಡಿಸೆಂಬರ್ 12ರಂದು ಅವರ ತನಕ ನಡೆದು ಬಂದ ಅಂಥ ಸಾದಾ ಸಿಪಾಯಿಗಳೇ.